ತೆನೆ, ಏಲಂ, ಸಾಕ್ಷಿ

ಸೆಪ್ಟೆಂಬರ್ 8ರಂದು ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರ ಮನೆಗಳಲ್ಲಿ ಮೀನು ಮಾಂಸ ಬೇಯುವುದಿಲ್ಲ. ಹಬ್ಬವೆಂದರೆ ಹಂದಿ ಪದಾರ್ಥ, ಸನ್ನ ಎಂದು ಎಣಿಸಿಕೊಂಡು ಬಂದ ನೆಂಟರಿಗೆ ಅಂದು ಸಿಗುವುದು ಬಾಳೆ ಎಲೆಯ ಮೇಲೆ ಕೇಸಿನ ದಂಟು, ಹೀರೆ, ಬೆಂಡೆ, ಹರಿವೆ. ಬಗೆಗಳು ಐದಾಗಬಹುದು, ಏಳಾಗಬಹುದು, ಲೆಕ್ಕ ಮಾತ್ರ ಬೆಸವೇ ಆಗಿರಬೇಕು. ಬೆಳಿಗ್ಗೆ ಚರ್ಚಿನಲ್ಲಿ ಆಶೀರ್ವದಿಸಿ ಹಂಚಿದ ಭತ್ತದ ತೆನೆ ಮನೆಯ ಅಲ್ತಾರಿನ ಮೇಲಿರುತ್ತದೆ. ಅದರ ಒಂದಷ್ಟು ಕಾಳನ್ನು ಉಗುರಿನಿಂದ ಸುಲಿದು, ಪುಡಿ ಮಾಡಿ, ತೆಂಗಿನ ಹಾಲು ಬೆಲ್ಲದಲ್ಲಿ ಕಲಸುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಮನೆಯ ಹಿರಿಯರು ಅದನ್ನು ಒಬ್ಬೊಬ್ಬರಿಗೂ ಹಂಚುತ್ತಾರೆ. ಅದು ನವೆಂ, ಹೊಸ ಅಕ್ಕಿ. ಅದು ಗಂಟಲಿಳಿದ ಮೇಲೆಯೇ ಊಟ.

ದೇವರಿಗೆ ವರ್ಷವಿಡೀ ಉಪಕಾರ ಸ್ಮರಿಸುವ ಮನಸ್ಸನ್ನು ಕ್ರೈಸ್ತ ಪರಂಪರೆ ಹೇಗೆ ರೂಢಿಸಿತು, ಎಲ್ಲಿ ಎಡವಿತು ಎಂದು ನೋಡುವುದಕ್ಕೆ ಕರಾವಳಿಗಿಂತ ಒಳ್ಳೆಯ ಜಾಗ ನನಗೆ ಹೊಳೆಯುವುದಿಲ್ಲ. ಕ್ಯಾಥೊಲಿಕರು, ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟರು, ಈಚಿನ ಪೆಂತೆಕೊಸ್ತರು ಮೂವರೂ ಇಲ್ಲಿ ಅಕ್ಕಪಕ್ಕದಲ್ಲಿದ್ದಾರೆ. ಮೂವರೂ ಸ್ತುತಿಯ ಮಾತಾಡುತ್ತಾರೆ, ಆದರೆ ಮೂವರ ಸ್ತುತಿಯೂ ಒಂದೇ ಅಲ್ಲ.

ಮೊಂತಿ ಫೆಸ್ತ್ ಎಂದು ಕರೆಯುವ ಈ ತೆನೆ ಹಬ್ಬ ಮೇರಿ ಮಾತೆಯ ಹುಟ್ಟುಹಬ್ಬವೂ ಹೌದು. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬೆಳಿಗ್ಗೆ ಬೆಳಿಗ್ಗೆ ಬೇಲಿಯ ಹೂ ಕೊಯ್ದು ಬುಟ್ಟಿಯಲ್ಲಿ ತಂದು ಬಾಲ ಮರಿಯಳ ಮೂರ್ತಿಗೆ ಹಾಕುತ್ತಾರೆ. ಕೊನೆಯ ದಿನ ಹೂ ತಂದವರಿಗೆ ಕಬ್ಬು. ಈ ನಾಡಿನಲ್ಲಿ ಹಬ್ಬದ ಮೊದಲನ್ನು ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿಗೂ ಹದಿನೆಂಟನೆಯ ಶತಮಾನದಲ್ಲಿ ಅಲ್ಲಿದ್ದ ಗೋವೆಯ ಪಾದ್ರಿ ಜೋಕಿಮ್ ಮಿರಾಂದರಿಗೂ ಒಪ್ಪಿಸುವುದು ವಾಡಿಕೆ. ಆದರೆ ತೆನೆಯ ಕಥೆ ಅದಕ್ಕಿಂತ ಹಳೆಯದು. ಗೋವೆಯಲ್ಲಿ ಆಗಸ್ಟಿನಲ್ಲೇ ಕೊಣ್ಸಾಚೆಂ ಫೆಸ್ತ್ ನಡೆಯುತ್ತದೆ, ಅಲ್ಲೂ ತೆನೆಯೇ. ತುಳುವರು ಕುರಲ್ ಎಂದು ತೆನೆ ಕಟ್ಟುತ್ತಾರೆ, ಪುದ್ವಾರ್ ಎಂದು ಹೊಸ ಅಕ್ಕಿ ಉಣ್ಣುತ್ತಾರೆ. ಗೋವೆಯಲ್ಲಿ ಚರ್ಚಿನ ಮತವಿಚಾರಣೆಯ ಕೋರ್ಟಾದ ಇನ್ಕ್ವಿಸಿಷನ್ 1736ರ ಶಾಸನದಲ್ಲಿ ಹೊಸ ಕ್ರೈಸ್ತರ ಮನೆಯ, ಮದುವೆಯ ಎಷ್ಟೋ ಪದ್ಧತಿಗಳನ್ನು ಹೆಸರು ಹಿಡಿದು ನಿಷೇಧಿಸಿತ್ತು. ತೆನೆ ಉಳಿದುಕೊಂಡಿತು. ಮತ ಬದಲಾದಾಗಲೂ ಒಕ್ಕಲು ಮಕ್ಕಳು ಕೈಬಿಡದ ಕೃತಜ್ಞತೆ ಅದು. ಚರ್ಚು ಅದನ್ನು ಹುಟ್ಟುಹಾಕಲಿಲ್ಲ, ಬಾಗಿಲು ತೆರೆದು ಒಳಗೆ ಕರೆದುಕೊಂಡಿತು ಅಷ್ಟೆ. ನನ್ನ ಮಟ್ಟಿಗೆ ಅದು ಸಣ್ಣ ಜಾಣತನವಲ್ಲ.

ಈ ಸಂಪ್ರದಾಯದ ನಿಜವಾದ ಬಲ ಇರುವುದು ಭಾವನೆಯನ್ನು ನಂಬದೆ ತಾರೀಕನ್ನು ನಂಬಿದ್ದರಲ್ಲಿ. ಮಳೆಗಾಲದ ಏಣೆಲು ಬೆಳೆ ಕದಿರು ಬಿಡುವ ಹೊತ್ತಿಗೆ ದಿನ ಬರುತ್ತದೆ. ಆ ವರ್ಷ ಮನೆಯಲ್ಲಿ ಸಾವಾಗಿರಲಿ, ನೆರೆ ಬಂದು ಗದ್ದೆ ಕೊಚ್ಚಿ ಹೋಗಿರಲಿ, ಅಣ್ಣತಮ್ಮಂದಿರು ಪಾಲಿಗಾಗಿ ಕೋರ್ಟು ಹತ್ತಿರಲಿ, ಎಲೆ ಹಾಕಲೇಬೇಕು, ಕಾಳು ಹಂಚಲೇಬೇಕು. ಮಾತು ಬಿಟ್ಟ ತಮ್ಮನಿಗೂ ಅಣ್ಣನೇ ನವೆಂ ಕೊಡಬೇಕು. ಮನಸ್ಸು ತುಂಬಿ ಬಂದಾಗ ಸ್ತುತಿಸೋಣ ಎಂದು ಕಾದು ಕುಳಿತರೆ ಎಷ್ಟೋ ಮಂದಿ ಆಯುಷ್ಯವಿಡೀ ಕಾಯಬೇಕಾಗುತ್ತದೆ. ಇಲ್ಲಿ ಕೈ ಮೊದಲು ಕೆಲಸ ಮಾಡುತ್ತದೆ, ಮನಸ್ಸು ಆಮೇಲೆ, ಬಂದರೆ ಬರುತ್ತದೆ.

ಭಾಷೆಯೂ ಇದಕ್ಕೆ ಒತ್ತಾಸೆಯಾಗಿ ನಿಂತಿದೆ. ನಮ್ಮ ಹಳ್ಳಿಗಳ ಮಾತಿನಲ್ಲಿ ದಿನಕ್ಕೆ ಹತ್ತು ಸಲ ಎಸೆಯುವಂಥ ‘ಥ್ಯಾಂಕ್ಸ್’ ಇರಲಿಲ್ಲ. ಋಣ ಇತ್ತು. ಅದನ್ನು ಬಾಯಲ್ಲಿ ಹೇಳಿ ತೀರಿಸುವಂತಿಲ್ಲ, ಹೊರಬೇಕು. ಕೊಂಕಣಿ ಕ್ರೈಸ್ತರು ಉಪಕಾರ ಮಾಡಿದವರಿಗೆ ‘ದೇವ್ ಬರೆಂ ಕರುಂ’ ಅನ್ನುತ್ತಾರೆ, ದೇವರು ಒಳ್ಳೆಯದು ಮಾಡಲಿ ಎಂದು. ನನ್ನಿಂದ ತೀರಿಸಲಾಗದು, ದೇವರೇ ತೀರಿಸಲಿ ಎಂಬ ಒಪ್ಪಿಗೆಯೂ ಅದರಲ್ಲಿದೆ. ಪ್ರೊಟೆಸ್ಟೆಂಟರ ಹಳೆಯ ಪ್ರಾರ್ಥನೆಗಳ ಕನ್ನಡದಲ್ಲಿ ‘ಉಪಕಾರಸ್ತುತಿ’ ಎಂಬ ಪದ ಬರುತ್ತದೆ. ತುಸು ಒರಟು, ಆದರೆ ಒಳ್ಳೆಯ ಜೋಡಣೆ. ಮೊದಲು ಆದ ಉಪಕಾರವನ್ನು ಹೇಳು, ಆಮೇಲೆ ಸ್ತುತಿಸು ಎಂಬ ಕ್ರಮ ಪದದೊಳಗೇ ಇದೆ.

ಆ ಕನ್ನಡ ಬೆಳೆದದ್ದು ಬಾಸೆಲ್ ಮಿಶನ್ನಿನವರ ಸಹವಾಸದಲ್ಲಿ. ಹೆಬಿಕ್, ಲೇನರ್, ಗ್ರೈನರ್ ಮೂವರು 1834ರ ಅಕ್ಟೋಬರ್ 30ರಂದು ಮಂಗಳೂರಿನಲ್ಲಿ ಇಳಿದರು. ತೆನೆಯೂ ಮೂರ್ತಿಯೂ ಅವರಿಗೆ ಸಲ್ಲದು. ಪುಸ್ತಕ, ಪ್ರಸಂಗ, ನಾಲ್ಕು ದನಿ ಕೂಡಿಸಿ ಹಾಡುವ ಜರ್ಮನ್ ರಾಗ ಇವೇ ಅವರ ಆರಾಧನೆ. ಮಿಶನ್ನಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಪದ್ಯದ ಧಾಟಿಯಲ್ಲಿ ಹೇಳಿ ನೋಡಿದರು. ಅದೇ ಮಿಶನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಇಷ್ಟೆಲ್ಲ ಆದರೂ ಭಾನುವಾರದ ಸಭೆಯಲ್ಲಿ ಗೆದ್ದದ್ದು ಹಾರ್ಮೋನಿಯಂ ಮತ್ತು ಜರ್ಮನ್ ರಾಗ. ಇದನ್ನು ಬರಿಯ ಹೇರಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ರಾಗಗಳನ್ನು ತಮ್ಮದೆಂದೇ ಹಾಡಿ ಸತ್ತ ಅಜ್ಜಿಯರನ್ನು ಕಂಡಿದ್ದೇನೆ. ಅಕ್ಷರ ಬಾರದವರಿಗೂ ಹತ್ತು ಹದಿನೈದು ಚರಣ ಬಾಯಿಪಾಠ ಇರುತ್ತಿತ್ತು.

ಬಾಸೆಲ್ ಸಭೆಗಳ ಬೆಳೆಹಬ್ಬದ್ದು ವಿಚಿತ್ರ ಪಾಡು. ಇಂಗ್ಲೆಂಡಿನಲ್ಲಿ ಚರ್ಚಿನೊಳಗಿನ ಬೆಳೆಹಬ್ಬವನ್ನು ಈಗಿನ ರೂಪಕ್ಕೆ ತಂದವರು ಕಾರ್ನ್‌ವಾಲಿನ ಪಾದ್ರಿ ಹಾಕರ್, 1843ರಲ್ಲಿ. ಮಿಶನ್ನಿನ ಜರ್ಮನರಿಗೂ ಸುಗ್ಗಿಯ ಸ್ತುತಿಯ ಭಾನುವಾರ ಹೊಸದಲ್ಲ. ಆದರೆ ಇಲ್ಲಿ ಸಭೆ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಮತ ಬದಲಿಸಿದ ಮೇಲೆ ಶೇಂದಿಯ ಕಸುಬು ಹೋಯಿತು, ಎಷ್ಟೋ ಮಂದಿಗೆ ಗೇಣಿಯ ಭೂಮಿಯೂ ಹೋಯಿತು. ಅವರ ಹೊಟ್ಟೆಪಾಡಿಗೆಂದೇ ಮಿಶನ್ 1851ರಲ್ಲಿ ಹಾಲರ್ ಮುಂದಾಳ್ತನದಲ್ಲಿ ನೇಯ್ಗೆ ಕಾರ್ಖಾನೆ, 1865ರಲ್ಲಿ ಪ್ಲೆಬ್‌ಸ್ಟ್ ಮುಂದಾಳ್ತನದಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಹಂಚು ಸುಡುವವನಿಗೆ ಯಾವ ಬೆಳೆ? ಅವನು ಬೇಲಿಯ ಬದಿಯ ಸೋರೆಕಾಯಿ, ಮನೆಯ ಕೋಳಿ, ಪೇಟೆಯಲ್ಲಿ ಕೊಂಡ ಬಾಳೆಗೊನೆ ತಂದು ವೇದಿಯ ಮುಂದಿಟ್ಟ. ದಿನಗೂಲಿಯನ್ನೂ ಬೆಳೆಯೆಂದು ತೋರಿಸಬೇಕಾದ ಆ ಒತ್ತಾಯದಲ್ಲಿ ಒಂದು ಸುಳ್ಳೂ ಇದೆ, ಒಂದು ಆಳವಾದ ನಿಜವೂ ಇದೆ. ಕಾರ್ಖಾನೆಯ ಕೂಲಿಯೂ ದೇವರ ಕೈಯಿಂದಲೇ ಬಂತು ಎಂದರೆ ಕಾರ್ಖಾನೆಯ ಯಜಮಾನನ ಕೈ ತುಸು ಮರೆಯಾಗುತ್ತದೆ. ಯಜಮಾನನೂ ಮಿಶನ್ನೇ ಆಗಿರುವಾಗ ಇದು ಸಣ್ಣ ಸಂಗತಿಯಲ್ಲ.

ಆರಾಧನೆ ಮುಗಿದ ಮೇಲೆ ಏಲಂ. ನಲವತ್ತು ರೂಪಾಯಿಯ ಕುಂಬಳಕಾಯಿ ಸಾವಿರ ದಾಟುವುದನ್ನು ನೋಡಿದ್ದೇನೆ. ಕೂಗುವವನ ಚುರುಕು ನಾಲಿಗೆ, ಹೆಂಗಸರ ನಗು, ಮಕ್ಕಳ ಗದ್ದಲ ಎಲ್ಲ ಇಷ್ಟವೇ. ಹಣ ಸಭೆಯ ಕೆಲಸಕ್ಕೆ ಹೋಗುತ್ತದೆ, ಅದೂ ಒಳ್ಳೆಯದೇ. ಆದರೆ ಕುಂಬಳ ತಂದಿಟ್ಟ ಮುದುಕಿ ಹಿಂದಿನ ಬೆಂಚಿನಲ್ಲೇ ಉಳಿದು, ಅದನ್ನು ಎತ್ತಿಕೊಂಡ ದೊಡ್ಡಮನುಷ್ಯನ ಹೆಸರು ಮೈಕಿನಲ್ಲಿ ಮೊಳಗುವಾಗ ಅರ್ಪಣೆ ಯಾರದ್ದು ಎಂಬುದೇ ಮಸುಕಾಗುತ್ತದೆ. ಕೊಟ್ಟವಳನ್ನು ಮರೆಸಿ ಕೊಂಡವನನ್ನು ನೆನೆಯುವ ಈ ಪದ್ಧತಿಯನ್ನು ಯಾವ ಸಭಾಪಾಲಕರೂ ಪ್ರಶ್ನಿಸಿದ್ದನ್ನು ನಾನು ಕೇಳಿಲ್ಲ.

ಇದಕ್ಕಿಂತ ಒಳ್ಳೆಯ ತಿಳಿವು ದಕ್ಷಿಣ ಭಾರತದ ಸಭೆಗೆ ತನ್ನದೇ ಆರಾಧನಾ ಕ್ರಮದಲ್ಲಿತ್ತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಬೇರೆಬೇರೆ ಮಿಶನ್‌ಗಳ ಸಭೆಗಳು ಒಂದಾಗಿ ಈ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. 1950ರಲ್ಲಿ ಅದು ಬಳಕೆಗೆ ತಂದ ಕರ್ತನ ಭೋಜನದ ಕ್ರಮವನ್ನು ಹೊರದೇಶಗಳ ಸಭೆಗಳೂ ಗಮನಿಸಿ ಕಲಿತವು. ಅದರಲ್ಲಿ ಕಾಣಿಕೆ ತರುವ ಮೊದಲು ಸಮಾಧಾನ ಹಂಚುವುದಿದೆ. ಒಬ್ಬರ ಎರಡು ಕೈಗಳ ನಡುವೆ ಇನ್ನೊಬ್ಬರ ಕೈ, ಅಲ್ಲಿಂದ ಪಕ್ಕದವರಿಗೆ. ನೆರೆಯವನೊಡನೆ ರಾಜಿಯಾಗದವನ ಉಪಕಾರಸ್ತುತಿ ದೇವರಿಗೂ ಬೇಡ ಎಂಬುದು ಅದರ ತಾತ್ಪರ್ಯ. ಕ್ಯಾಥೊಲಿಕರಲ್ಲಿ ಎರಡನೆಯ ವ್ಯಾಟಿಕನ್ ಸಭೆಯ ತರುವಾಯ, 1969ರಲ್ಲಿ, ಆರತಿ, ಕೈಮುಗಿಯುವುದು, ನೆಲದ ಮೇಲೆ ಕೂರುವುದು ಮೊದಲಾದ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಕ್ಯಾಥೊಲಿಕ್ ಆರಾಧನಾ ಕೇಂದ್ರದಲ್ಲಿ ಪಾದ್ರಿ ಅಮಲೋರ್ಪವದಾಸ್ ಅವರು ಇದಕ್ಕಾಗಿ ದುಡಿದರು. ಆ ದೇಸೀಕರಣದ ಬಹುಪಾಲು ಮೇಲಿನಿಂದ ಇಳಿದದ್ದು. ಮೊಂತಿಯ ತೆನೆಯಂತೆ ಅಡುಗೆಮನೆಯಿಂದ ಎದ್ದು ಬಂದದ್ದಲ್ಲ. ಅದು ಎಷ್ಟು ಬೇರುಬಿಟ್ಟಿತು ಎಂದು ಯಾವುದೇ ಚರ್ಚಿಗೆ ಹೋಗಿ ಬೆಂಚುಗಳನ್ನು ನೋಡಿದರೆ ಗೊತ್ತಾಗುತ್ತದೆ.

ಪೆಂತೆಕೊಸ್ತರ ಸಭೆಯಲ್ಲಿ ಸ್ತುತಿಗೆ ತಾರೀಕು ಬೇಡ. ಪ್ರತಿ ವಾರವೂ ಸಾಕ್ಷಿ. ಒಬ್ಬೊಬ್ಬರಾಗಿ ಎದ್ದು ಕರ್ತನು ತಮಗೆ ಏನು ಮಾಡಿದನೆಂದು ಹೇಳುತ್ತಾರೆ: ಜ್ವರ ಬಿಟ್ಟದ್ದು, ಗಂಡ ಕುಡಿತ ಬಿಟ್ಟದ್ದು, ವೀಸಾ ಬಂದದ್ದು. ಹಳೆಯ ಸಭೆಗಳವರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ಮುರಿಯುವ ಮೊದಲು ಒಂದು ಮಾತು ಯೋಚಿಸಬೇಕು. ಮನೆಗೆಲಸದ ಹೆಂಗಸು ಮೈಕಿನ ಮುಂದೆ ನಿಂತು ತನ್ನ ಬದುಕನ್ನು ತನ್ನ ಮಾತಿನಲ್ಲೇ ಹೇಳಿದ್ದು ಹಳೆಯ ಚರ್ಚುಗಳಲ್ಲಿ ಯಾವಾಗ? ಅಲ್ಲಿ ಅವಳ ಪಾಲಿಗೆ ಇದ್ದದ್ದು ‘ಆಮೆನ್’ ಒಂದೇ. ಆ ಮಟ್ಟಿಗೆ ಸಾಕ್ಷಿ ದೊಡ್ಡದು.

ತೊಡಕಿರುವುದು ಲೆಕ್ಕದಲ್ಲಿ. ಸಾಕ್ಷಿಗೆ ಸಿಕ್ಕಿದ್ದು ಬೇಕು. ವೀಸಾ ಬಾರದವಳು ಆ ಭಾನುವಾರ ಏನು ಹೇಳಬೇಕು? ಸುಮ್ಮನಿರಬೇಕು, ಇಲ್ಲವೇ ಬರುತ್ತದೆಂದು ನಂಬಿ ಮುಂಗಡವಾಗಿಯೇ ಸ್ತುತಿಸಬೇಕು. ಹೊಸ ವರ್ಷದ ರಾತ್ರಿ ಎತ್ತುವ, ಬೈಬಲ್ ವಾಕ್ಯ ಬರೆದ ವಾಗ್ದಾನದ ಚೀಟಿಗಳನ್ನೇ ನೋಡಿ. ಆಶೀರ್ವಾದ, ಏಳಿಗೆ, ರಕ್ಷಣೆ. ಬೈಬಲ್ಲಿನಲ್ಲಿ ಕೀರ್ತನೆಗಳು 150. ಅವುಗಳಲ್ಲಿ ಮೊರೆಯೂ ಗೋಳೂ ಇರುವವು ಬೇರೆಲ್ಲ ಬಗೆಗಿಂತ ಹೆಚ್ಚು. ಎಂಬತ್ತೆಂಟನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಒಂದು ಸಮಾಧಾನದ ಮಾತಿಲ್ಲ. ಅದರ ಚೀಟಿ ಯಾರಿಗೂ ಬಂದದ್ದನ್ನು ನಾನು ಕಂಡಿಲ್ಲ.

ಹಳೆಯ ಪಂಚಾಂಗಕ್ಕೆ ಈ ವಿಷಯ ಗೊತ್ತಿತ್ತು. ತಪಸ್ಸುಕಾಲ ಹೊಕ್ಕ ಮೇಲೆ ಕ್ಯಾಥೊಲಿಕರ ಪೂಜೆಯಲ್ಲಿ ‘ಅಲ್ಲೆಲೂಯ’ ನಿಂತು ಹೋಗುತ್ತದೆ, ಈಸ್ಟರ್ ರಾತ್ರಿಯ ತನಕ ಆ ಪದವನ್ನೇ ಹಾಡುವುದಿಲ್ಲ. ಶುಭ ಶುಕ್ರವಾರ ಬಲಿಪೂಜೆಯೇ ಇಲ್ಲ. ಬಲಿಪೂಜೆಗಿರುವ ಯೂಕರಿಸ್ತ್ ಎಂಬ ಗ್ರೀಕ್ ಹೆಸರಿನ ಅರ್ಥ ಕೃತಜ್ಞತೆ. ಹಾಗಾದರೆ ವರ್ಷದಲ್ಲಿ ಒಂದು ದಿನ ಕೃತಜ್ಞತೆಯನ್ನೇ ನಿಲ್ಲಿಸಿ, ಅಲ್ತಾರಿನ ಬಟ್ಟೆ ಕಳಚಿ, ಬರಿಯ ಕಲ್ಲನ್ನು ನೋಡುತ್ತಾ ಕೂರಲು ಈ ಸಂಪ್ರದಾಯ ಹೇಳಿದೆ. ಹೊಟ್ಟೆಗೆ ಉಪವಾಸವಿರುವಂತೆ ಸ್ತುತಿಗೂ ಉಪವಾಸ. ಸ್ತುತಿಯನ್ನು ವರ್ಷವಿಡೀ ಹಸಿಯಾಗಿ ಇರಿಸಿದ್ದು ಈ ತಡೆಯೇ ಎಂದು ನನ್ನ ಅನಿಸಿಕೆ. ದಿನವೂ ನಗುವವನ ನಗುವನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೇಸರವೆಂದರೆ ಹಳೆಯ ಸಭೆಗಳೇ ಈಗ ಈ ಉಪವಾಸಕ್ಕೆ ನಾಚುತ್ತಿವೆ. ಶ್ರಮವಾರದಲ್ಲೂ ಡ್ರಮ್ಸು, ಸಾವಿನ ಮನೆಯಲ್ಲೂ ‘ಸಂಭ್ರಮಾಚರಣೆ’.

ಮೊಂತಿಗೆ ಹಿಂತಿರುಗುತ್ತೇನೆ, ಅಲ್ಲಿಯೂ ಒಂದು ದೂರಿದೆ. ಈ ಹಬ್ಬ ದೇವರನ್ನು ನೆನೆಯಿತು, ಮಾತೆಯನ್ನು ನೆನೆಯಿತು, ಗದ್ದೆಯ ಆಳನ್ನು ನೆನೆಯಲಿಲ್ಲ. ಮೂಲಗೇಣಿ, ಚಾಲಗೇಣಿಯ ಕಾಲದಲ್ಲಿ ತೆನೆ ಬೆಳೆದವನಿಗೂ ತೆನೆ ಉಂಡವನಿಗೂ ನಡುವೆ ಎಷ್ಟು ಮುಡಿ ಅಕ್ಕಿಯ ಅಂತರವಿತ್ತು ಎಂಬುದು ಯಾವ ಪ್ರಾರ್ಥನೆಯಲ್ಲೂ ಬರಲಿಲ್ಲ. 1974ರ ಭೂಸುಧಾರಣೆ ಕರಾವಳಿಯಲ್ಲಿ ಆ ಲೆಕ್ಕವನ್ನು ತಿದ್ದಿತು. ಕ್ರೈಸ್ತ ಧಣಿಗಳು ಭೂಮಿ ಕಳೆದುಕೊಂಡರು, ಕ್ರೈಸ್ತ ಗೇಣಿಯವರು ಪಡೆದುಕೊಂಡರು. ಆಮೇಲೆ ಗದ್ದೆಗಳಲ್ಲಿ ಅಡಿಕೆ ಎದ್ದಿತು, ಮಕ್ಕಳು ಗಲ್ಫಿಗೆ ಹೋದರು. ಈಗ ಎಷ್ಟೋ ಕಡೆ ಹಬ್ಬದ ಮುನ್ನಾದಿನ ತೆನೆಯನ್ನು ಹುಡುಕಿ ತರಬೇಕು. ಒಣಗಿದ ನಾಲ್ಕು ಕಾಳು ಲಕೋಟೆಯಲ್ಲಿ ದುಬೈಗೂ ಕುವೈತಿಗೂ ಹೋಗುತ್ತವೆ. ಅದನ್ನು ಬಿಡಿಸಿ ಹಾಲಿಗೆ ಹಾಕಿಕೊಳ್ಳುವವರ ಮನಸ್ಸನ್ನು ಅಳೆಯಲು ನಾನು ಹೋಗುವುದಿಲ್ಲ.

ಎರಡು ವರ್ಷದ ಹಿಂದೆ ಹಬ್ಬದ ಊಟಕ್ಕೆ ಕರೆದ ಮನೆಯಲ್ಲಿ ಹುಡುಗನೊಬ್ಬನನ್ನು ಕೇಳಿದೆ, ಈ ತೆನೆ ಎಲ್ಲಿಂದ ಬಂತು ಮಗಾ ಎಂದು. ಚರ್ಚಿನಿಂದ, ಅಂದ. ಚರ್ಚಿಗೆ? ಅವನು ಅಜ್ಜಿಯ ಮುಖ ನೋಡಿದ. ಅಜ್ಜಿ ಎಲೆಗೆ ಪಾಯಸ ಬಡಿಸುತ್ತಾ, ಕೆಳಗಿನ ಮನೆಯ ಪೂಜಾರಿಯವರ ಗದ್ದೆಯದ್ದು ಅಂದಳು. ಊಟ ಮುಗಿಸಿ ಇಳಿಯುವಾಗ ಆ ಮನೆಯ ಮುಂದೆಯೇ ದಾರಿ. ಬಾಗಿಲ ಕಂಬಕ್ಕೆ ಮಾವಿನ ಎಲೆ, ಹಲಸಿನ ಎಲೆಯ ಜೊತೆ ಅದೇ ಗದ್ದೆಯ ತೆನೆ ಕಟ್ಟಿದ್ದರು. ಆತ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಮೆಲ್ಲುತ್ತಿದ್ದ. ‘ಊಟ ಆಯಿತಾ?’ ಎಂದು ಕೇಳಿದ. ಆಯಿತು, ನಿಮ್ಮದೇ ಅಕ್ಕಿ, ಅಂದೆ.