ದಿವಾಳಿಯಾಗದ ಲಿನ್ ಅಂಗಡಿ

ಶಾಂಘೈನಲ್ಲಿ ಕ್ಲೈಂಟ್ ಮೀಟಿಂಗುಗಳು ಶುಕ್ರವಾರ ಮಧ್ಯಾಹ್ನಕ್ಕೇ ಮುಗಿದವು. ವಾಪಸು ವಿಮಾನ ಭಾನುವಾರ ರಾತ್ರಿ. ನಡುವಿನ ಎರಡು ರಾತ್ರಿ ವೂಝೆನ್‌ನಲ್ಲಿ ಕಳೆದೆ. ಝೆಜಿಯಾಂಗ್ ಪ್ರಾಂತ್ಯದ ಹಳೆಯ ಕಾಲುವೆ ಪೇಟೆ ಅದು. ಕತೆಗಾರ ಮಾವೊ ದುನ್ 1896ರಲ್ಲಿ ಹುಟ್ಟಿದ ಊರು. ಬ್ಯಾಗಿನಲ್ಲಿ ಅವನ 1932ರ ನೀಳ್ಗತೆ ‘ಲಿನ್ ಮನೆತನದ ಅಂಗಡಿ’, ಸಿಡ್ನಿ ಶಪಿರೊ ಮಾಡಿದ ಇಂಗ್ಲಿಷ್ ಅನುವಾದದಲ್ಲಿ. ಕತೆಯನ್ನೂ ತಂಗಿದ ಮನೆಯನ್ನೂ ಒಟ್ಟಿಗೆ ಓದಿದ ಟಿಪ್ಪಣಿ ಇದು.

ಪೇಟೆಯ ಪಶ್ಚಿಮ ಭಾಗವಾದ ಶೀಝಾಕ್ಕೆ ಟಿಕೆಟ್ ತೆಗೆದುಕೊಂಡೇ ಒಳಹೋಗಬೇಕು. ನನ್ನದು ಕಪ್ಪು ಮರದ ಮನೆಯ ಮಹಡಿಯ ಕೋಣೆ. ಕಿಟಕಿ ತೆರೆದರೆ ಕೆಳಗೇ ನೀರು, ಹುಟ್ಟಿನ ಸದ್ದು. ಮಂಚ ಹಳೇ ಕಾಲದ ಕೆತ್ತನೆಯದು, ಬಚ್ಚಲು ಸ್ಟಾರ್ ಹೋಟೆಲಿನದು. ಕೇಬಲ್ಲು, ಪೈಪು, ಚರಂಡಿ ಎಲ್ಲ ಹಾಸುಗಲ್ಲಿನ ಅಡಿಯಲ್ಲಿ. ಒಂದು ವೈರೂ ಕಣ್ಣಿಗೆ ಬೀಳುವುದಿಲ್ಲ. 2014ರಿಂದ ವಿಶ್ವ ಇಂಟರ್ನೆಟ್ ಸಮ್ಮೇಳನ ನಡೆಯುವುದೂ ಈ ಊರಿನಲ್ಲೇ. ಇಪ್ಪತ್ತು ವರ್ಷ ಪ್ರಾಜೆಕ್ಟ್ ಎಳೆದವನು ನಾನು, ಈ ಅಚ್ಚುಕಟ್ಟಿಗೆ ಕೈ ಮುಗಿದೆ.

ಕೆಳಗೆ ಅಡುಗೆಮನೆಯಲ್ಲಿ ಗಂಡ ಹೆಂಡತಿ. ಅವರನ್ನು ‘ಫಾಂಗ್‌ದೋಂಗ್’ ಎನ್ನುತ್ತಾರೆ, ಮನೆಯ ಮಾಲೀಕರು ಎಂದರ್ಥ. ಮನೆ ಮಾತ್ರ ಕಂಪನಿಯದು. 2007ರಲ್ಲಿ ಶೀಝಾ ಪ್ರವಾಸಿಗಳಿಗೆ ತೆರೆಯುವ ಮುನ್ನ ನಿವಾಸಿಗಳನ್ನು ಹೊರಗೆ ಕಳಿಸಿ, ಮನೆಗಳನ್ನು ರಿಪೇರಿ ಮಾಡಿ, ಆಮೇಲೆ ಕೆಲವರನ್ನು ನೋಡಿಕೊಳ್ಳುವವರಾಗಿ ಮರಳಿ ಕರೆಸಲಾಯಿತು. ಕೋಣೆಯ ಬಾಡಿಗೆ ಕಂಪನಿಗೆ, ಊಟದ ದುಡ್ಡು ಇವರಿಗೆ. ಆಕೆ ಸೇವಂತಿಗೆ ಚಹಾ ತಂದುಕೊಟ್ಟರು. ನೀವು ಮಲಗುವುದೆಲ್ಲಿ ಎಂದು ಫೋನಿನ ಅನುವಾದಕದಲ್ಲಿ ಕೇಳಿದೆ. ಆಕೆ ನಕ್ಕು ಊರಿನ ಹೆಬ್ಬಾಗಿಲ ಕಡೆ ಕೈ ತೋರಿಸಿದರು.

ಕತೆಯಲ್ಲೂ ಇಂಥದೇ ಒಂದು ಪೇಟೆ. ಜಪಾನಿ ಸರಕಿಗೆ ಬಹಿಷ್ಕಾರ. ಲಿನ್‌ನ ಅಂಗಡಿ ತುಂಬ ಅದೇ ಸರಕು. ಲಂಚ ಕೊಟ್ಟು, ಲೇಬಲ್ ಬದಲಿಸಿ ಮಾರುತ್ತಾನೆ. ಶಾಂಘೈನಲ್ಲಿ ಯುದ್ಧ ಶುರುವಾಗಿ ನಿರಾಶ್ರಿತರು ಓಡಿಬಂದಾಗ ಬೋಗುಣಿ, ಟವೆಲು, ಹಲ್ಲುಪುಡಿ ಸೇರಿಸಿ ಒಂದು ಯುವಾನಿನ ಗಂಟು ಕಟ್ಟುವ ಉಪಾಯ ಗುಮಾಸ್ತನದು. (ನಮ್ಮ ಸೇಲ್ಸಿನವರು ಇದನ್ನೇ ಬಂಡಲಿಂಗ್ ಎನ್ನುತ್ತಾರೆ.) ವ್ಯಾಪಾರ ಏರುತ್ತದೆ, ಆದರೆ ಸಾಲ ಕತ್ತಿನ ಮಟ್ಟಕ್ಕೆ ಬಂದಿರುತ್ತದೆ. ಕೊನೆಗೆ ಲಿನ್ ಮಗಳೊಂದಿಗೆ ಪರಾರಿ. ದೊಡ್ಡವರು ಸಿಕ್ಕಿದ್ದನ್ನು ಬಾಚಿಕೊಳ್ಳುತ್ತಾರೆ. ನಂಬಿ ಪುಡಿಗಾಸು ಇಟ್ಟಿದ್ದ ಮುದುಕಿ, ವಿಧವೆ ಬೀದಿಯಲ್ಲಿ ನಿಲ್ಲುತ್ತಾರೆ. ನೂಕುನುಗ್ಗಲಿನಲ್ಲಿ ವಿಧವೆಯ ಮಗು ಕಾಲ್ತುಳಿತಕ್ಕೆ ಸಿಕ್ಕಿ ಸಾಯುತ್ತದೆ.

ಈ ಕೊನೆ ಅತಿಯಾಯಿತೆಂದು ಮೊದಲ ಓದಿನಲ್ಲಿ ಅನ್ನಿಸಿತ್ತು. ಮಾವೊ ದುನ್ ಲೆಕ್ಕಪತ್ರ ಬರೆದಷ್ಟು ಚೆನ್ನಾಗಿ ಕಣ್ಣೀರು ಬರೆಯುವುದಿಲ್ಲ. ಈ ಸಲ ಬೇರೆಯೇ ಕಂಡಿತು. ಕತೆಯುದ್ದಕ್ಕೂ ನಾವು ಲಿನ್‌ನ ಪರ, ಪಾಪದವನು ಅಂತ. ಕೊನೆಯ ಪುಟ ನಮ್ಮನ್ನು ಗಲ್ಲಾಪೆಟ್ಟಿಗೆಯ ಈಚೆ ತಂದು ನಿಲ್ಲಿಸಿ, ಆ ಮರ್ಯಾದಸ್ಥ ಅಂಗಡಿ ಯಾರ ದುಡ್ಡಿನಲ್ಲಿ ನಡೆಯುತ್ತಿತ್ತು ಎಂದು ತೋರಿಸುತ್ತದೆ. ಅದಿಲ್ಲದಿದ್ದರೆ ಇದು ಒಬ್ಬ ವ್ಯಾಪಾರಿಯ ದುರದೃಷ್ಟದ ಕತೆಯಷ್ಟೇ.

ಪೇಟೆಯ ಪೂರ್ವ ಭಾಗದಲ್ಲಿ, ಮಾವೊ ದುನ್‌ನ ಮನೆಯೆದುರು, ಈಗ ‘ಲಿನ್ ಮನೆತನದ ಅಂಗಡಿ’ ಎಂಬ ಬೋರ್ಡಿನ ನಿಜವಾದ ಅಂಗಡಿಯೇ ಇದೆ. ಪ್ರವಾಸಿಗಳಿಗೆ ನೆನಪಿನ ಸಾಮಾನು ಮಾರುತ್ತದೆ, ನಾನು ಹೋದಾಗ ಭರ್ತಿ ಜನ. ನಾನೂ ಒಂದು ನೀಲಿ ಅಚ್ಚಿನ ಚೀಲ ಕೊಂಡೆ. ಬಾಗಿಲು, ಹಲಗೆ, ಹೆಸರು ಎಲ್ಲ ಉಳಿದಿವೆ. ಸಾಲದ ಪುಸ್ತಕ ಮಾತ್ರ ಇಲ್ಲ. ವೂಝೆನ್ ಸುಳ್ಳು ಎಂದು ನಾನು ಹೇಳಲಾರೆ. ರಿಪೇರಿ ಆಗದಿದ್ದರೆ ಆ ಮರ ಗೆದ್ದಲು ಹಿಡಿದು ಹೋಗುತ್ತಿತ್ತು. ಆದರೆ ಅದು ಕೊನೆಯ ಪುಟ ಹರಿದ ಪ್ರತಿ.

ಇಷ್ಟು ನಿಷ್ಠುರವಾಗಿ ಓದಲು ನನಗೊಂದು ಕಾರಣವಿತ್ತು. ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜನ ಮನೆಯನ್ನು ಹೋಂಸ್ಟೇ ನಡೆಸುವವರಿಗೆ ಲೀಸಿಗೆ ಕೊಡುವ ಕರಾರಿನ ಕರಡು ಅದೇ ವಾರ ಮೇಲಿನಲ್ಲಿ ಬಂದಿತ್ತು. ಅಣ್ಣಂದಿರಿಬ್ಬರೂ ಒಪ್ಪಿಯಾಗಿದೆ, ನನ್ನ ಸಹಿಯೊಂದೇ ಬಾಕಿ. ಅಡುಗೆಯನ್ನು ಈಗ ಅಲ್ಲಿರುವ ಚಿಕ್ಕಪ್ಪ ಚಿಕ್ಕಮ್ಮ ನೋಡಿಕೊಳ್ಳಬಹುದಂತೆ, ಸಂಬಳವೂ ಉಂಟು. ಹದಿನಾಲ್ಕು ಪುಟಗಳನ್ನು ಆ ಕಿಟಕಿಯ ಪಕ್ಕ ಕೂತು ಎರಡು ಸಲ ಓದಿದೆ. ಅವರಿಬ್ಬರು ಮಲಗುವುದೆಲ್ಲಿ ಎಂದು ಎಲ್ಲೂ ಬರೆದಿಲ್ಲ. ಕೇಳಿ ಅಣ್ಣನಿಗೆ ಮೇಲ್ ಹಾಕಿದ್ದೇನೆ.