ಕಟ್ಟಡಕ್ಕೆ ಕೊಟ್ಟರು, ದೀಪದೆಣ್ಣೆಗೆ?

ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹೊಲಿಗೆ ತರಬೇತಿ ಕೇಂದ್ರ ನೋಡಲು ಹೋದಾಗ ಬಾಗಿಲಿಗೆ ಬೀಗ. ಕೀಲಿ ಎದುರುಮನೆ ಅಜ್ಜಿಯ ಸೊಂಟದಲ್ಲಿತ್ತು. ಒಳಗೆ ಹನ್ನೆರಡು ಯಂತ್ರಗಳು, ಹನ್ನೊಂದರ ಮೇಲೆ ಹಳೇ ಸೀರೆ ಹೊದಿಸಿತ್ತು. ಗೋಡೆಯ ಗ್ರಾನೈಟ್ ಫಲಕದಲ್ಲಿ ಹೊರದೇಶವೊಂದರ ಬಾವುಟ, ಉದ್ಘಾಟನೆಯ ತಾರೀಕು, ಅಂದು ಬಂದಿದ್ದ ಅಧಿಕಾರಿಯ ಹೆಸರು. ಅಜ್ಜಿ ಫಲಕವನ್ನು ಸೆರಗಿನಲ್ಲಿ ಒರೆಸಿ, ‘ಟೀಚರಮ್ಮ ಬಿಟ್ಟೋದ್ರು. ಸಂಬಳ ಕೊಡೋರು ಇರ್ಲಿಲ್ವಲ್ಲ’ ಅಂದರು.

ಸಿರಿವಂತ ದೇಶಗಳ ಸರ್ಕಾರಗಳು ಬಡ ಊರುಗಳ ಸಂಘಸಂಸ್ಥೆಗಳಿಗೆ ರಾಯಭಾರ ಕಚೇರಿಗಳ ಮೂಲಕ ಕೊಡುವ ಕಿರು ಅನುದಾನಗಳ ಬಗ್ಗೆ ನನ್ನ ತಕರಾರಿನ ಮುಕ್ಕಾಲು ಪಾಲು ಅಜ್ಜಿಯ ಆ ಮಾತಿನಲ್ಲೇ ಇದೆ. ಉಳಿದ ಕಾಲು ಪಾಲು ದೆಹಲಿಗೆ ಸೇರಿದ್ದು.

ಇವುಗಳಲ್ಲಿ ಹೆಸರಾದದ್ದು ಜಪಾನಿನದು. 1989ರಲ್ಲಿ ಶುರುವಾದ ಈ ಯೋಜನೆಯನ್ನು ಅವರು ಕರೆಯುವುದು ‘ಕುಸಾನೊನೆ’ ಎಂದು, ಅಂದರೆ ಹುಲ್ಲಿನ ಬೇರು. ನಮ್ಮ ಗರಿಕೆ ಬೇರು ಅನ್ನಿ. 2003ರಲ್ಲಿ ಅದಕ್ಕೆ ‘ಮಾನವ ಭದ್ರತೆ’ ಎಂಬ ಭಾರದ ಮಾತೂ ಸೇರಿತು. ಒಂದು ಯೋಜನೆಗೆ ಬಹುಕಾಲ ಸಾಮಾನ್ಯವಾಗಿ 1 ಕೋಟಿ ಯೆನ್ ಮಿತಿಯಿತ್ತು, ರೂಪಾಯಿಯಲ್ಲಿ ಅರ್ಧ ಕೋಟಿಗೆ ತುಸು ಮೇಲೆ. ಶಾಲೆ, ಆಸ್ಪತ್ರೆ, ಸ್ವಯಂಸೇವಾ ಸಂಸ್ಥೆ, ಸ್ಥಳೀಯ ಸಂಸ್ಥೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಕೆನಡಾ, ಆಸ್ಟ್ರೇಲಿಯಾಗಳಿಗೂ ಇಂಥ ಯೋಜನೆಗಳಿವೆ.

ಇವುಗಳ ದೊಡ್ಡ ಗುಣವನ್ನು ಮೊದಲೇ ಒಪ್ಪಿಬಿಡುತ್ತೇನೆ. ಹಣ ವಿಧಾನಸೌಧದ ಕಡತಗಳಲ್ಲಿ ಕೂತು ಹಳಸುವುದಿಲ್ಲ. ಕೊಡುವವರ ಕಚೇರಿಯಿಂದ ಒಬ್ಬರು ಬಂದು ಜಾಗ ನೋಡುತ್ತಾರೆ, ಕೂತು ಮಾತಾಡುತ್ತಾರೆ. ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆದವರಿಗೆ ಇದು ಸಣ್ಣ ಮರ್ಯಾದೆಯಲ್ಲ.

ಆದರೆ ಕೊಡುವ ರೀತಿ ನೋಡಿ, ಜಪಾನಿನದನ್ನೇ ತೆಗೆದುಕೊಳ್ಳಿ. ಕಟ್ಟಡಕ್ಕೆ ಕೊಡುತ್ತಾರೆ, ಯಂತ್ರಕ್ಕೆ ಕೊಡುತ್ತಾರೆ, ಆಂಬುಲೆನ್ಸಿಗೂ ಕೊಟ್ಟಾರು. ಸಂಬಳ, ಬಾಡಿಗೆ, ಕರೆಂಟ್ ಬಿಲ್ಲು ಮಾತ್ರ ಬೇಡ. ಕೆಲಸ ವರ್ಷದೊಳಗೆ ಮುಗಿಯಬೇಕು. ಪ್ರತಿ ಖರೀದಿಗೂ ಮೂರು ಅಂಗಡಿಗಳ ಕೊಟೇಶನ್ ಬೇಕು. ಇಟ್ಟಿಗೆ ಗೂಡಿನವನು ಕೊಟೇಶನ್ ಕೊಡುವವನೇ? ಲೋಡಿಗಿಷ್ಟು ಅಂತ ಬಾಯಲ್ಲಿ ಹೇಳಿ ಟ್ರ್ಯಾಕ್ಟರ್ ಹತ್ತುತ್ತಾನೆ. ಕೊನೆಗೆ ಅಣ್ಣನದೊಂದು, ಭಾವಮೈದನದೊಂದು ಲೆಟರ್‌ಹೆಡ್ ಹುಟ್ಟಿಕೊಳ್ಳುತ್ತದೆ. ಪ್ರಾಮಾಣಿಕತೆಗೆಂದು ಮಾಡಿದ ನಿಯಮವೇ ಊರಿಗೆ ಮೊದಲ ಸುಳ್ಳು ಕಲಿಸುತ್ತದೆ. ತಮ್ಮ ತೆರಿಗೆದಾರರಿಗೆ ಲೆಕ್ಕ ಒಪ್ಪಿಸಬೇಕಾದವರಿಗೆ ಗೋಡೆಯ ಫೋಟೊ ತೋರಿಸುವುದು ಸುಲಭ, ಟೀಚರಮ್ಮನ ಮೂರನೇ ವರ್ಷದ ಪಾಠ ತೋರಿಸುವುದು ಕಷ್ಟ. ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಒಪ್ಪಲಾರೆ.

ಏಕೆಂದರೆ ದಾನ ಕೊಡುವುದು ಈ ಸೀಮೆಗೆ ಹೊಸ ವಿದ್ಯೆಯಲ್ಲ. ನೆಲಮಂಗಲ, ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರಗಳ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಕನ್ನಡ ನಾಡಿನ ದಾನಶಾಸನಗಳಲ್ಲಿ ಕೆರೆ ಕಟ್ಟಿಸಿದವನು ಅಷ್ಟಕ್ಕೇ ಕೈತೊಳೆದುಕೊಳ್ಳುವುದಿಲ್ಲ. ಹೂಳೆತ್ತುವುದಕ್ಕೆ, ಏರಿ ತೂಬು ನೋಡಿಕೊಳ್ಳುವುದಕ್ಕೆ ಗದ್ದೆ ಬಿಡುತ್ತಾನೆ; ಅದಕ್ಕೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳೇ ಇದ್ದವು. ಗುಡಿ ಕಟ್ಟಿಸಿದವನು ನಂದಾದೀಪದ ಎಣ್ಣೆಗೂ ಭೂಮಿ ಬರೆಯುತ್ತಾನೆ. ಆ ಕಾಲ ಚಿನ್ನದ್ದೇನಲ್ಲ, ಹೂಳು ಹೊತ್ತವರ ಹೆಸರು ಯಾವ ಕಲ್ಲಿನ ಮೇಲೂ ಸುಲಭಕ್ಕೆ ಸಿಗುವುದಿಲ್ಲ. ಆದರೂ ಕಟ್ಟಿದ್ದಕ್ಕೆ ನಾಳೆ ಖರ್ಚಿದೆ ಎಂಬ ಅರಿವು ಆ ಕಲ್ಲುಗಳಿಗಿತ್ತು, ನಮ್ಮ ಗ್ರಾನೈಟ್ ಫಲಕಕ್ಕಿಲ್ಲ. ಅರ್ಜಿಯಲ್ಲಿ ‘ಸುಸ್ಥಿರತೆ’ ಎಂಬ ಕಾಲಂ ಇರುತ್ತದಲ್ಲ, ಅಲ್ಲಿ ಎಲ್ಲರೂ ಬರೆಯುವುದು ಒಂದೇ: ಸಮುದಾಯವೇ ನಡೆಸಿಕೊಂಡು ಹೋಗುತ್ತದೆ. ಸಮುದಾಯ ಅಂದರೆ ಕೀಲಿ ಇಟ್ಟುಕೊಂಡ ಅಜ್ಜಿ.

ಇನ್ನು ದೆಹಲಿಯ ಪಾಲು. 2003ರಲ್ಲಿ ಕೇಂದ್ರ ಸರ್ಕಾರ ಸಣ್ಣ ದಾನಿ ದೇಶಗಳಿಗೆ, ನೇರ ನೆರವು ಸಾಕು, ಕೊಡುವುದಿದ್ದರೆ ಸ್ವಯಂಸೇವಾ ಸಂಸ್ಥೆಗಳಿಗೋ ಬಹುರಾಷ್ಟ್ರೀಯ ಸಂಸ್ಥೆಗಳಿಗೋ ಕೊಡಿ ಎಂದಿತು. ಸಂಸ್ಥೆಗಳ ಬಾಗಿಲಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಕಾವಲು ನಿಂತಿದೆ. ವಿದೇಶಿ ಸರ್ಕಾರ ಕೊಟ್ಟದ್ದೂ ಅದರ ಪ್ರಕಾರ ವಿದೇಶಿ ಮೂಲದ ಹಣವೇ. 2020ರ ತಿದ್ದುಪಡಿ ಬಂದ ಮೇಲೆ ಆ ಹಣ ಮೊದಲು ಇಳಿಯಬೇಕಾದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಎಲ್ಲಕ್ಕಿಂತ ಪೆಟ್ಟು ಕೊಟ್ಟದ್ದು, ಒಬ್ಬರಿಗೆ ಬಂದ ಹಣವನ್ನು ಇನ್ನೊಬ್ಬರಿಗೆ ಹಂಚುವಂತಿಲ್ಲ ಎಂಬ ನಿಯಮ. ಹಿಂದೆ ಬೆಂಗಳೂರಿನ ದೊಡ್ಡ ಸಂಸ್ಥೆ ಕಾಗದಪತ್ರ ನೋಡಿಕೊಂಡು, ಕೇಂದ್ರದ ಅನುಮತಿ ಪಡೆದು, ಹೊಸಕೋಟೆ ಕಡೆಯ ನೋಂದಣಿಯಿಲ್ಲದ ಮಹಿಳಾ ಸಂಘಕ್ಕೂ ಒಂದು ಪಾಲು ದಾಟಿಸಬಹುದಿತ್ತು. ಈಗ ಸಂಘವೇ ನೋಂದಣಿ ಮಾಡಿಸಬೇಕು, ಇಲ್ಲವೆ ಪ್ರತಿ ಅನುದಾನಕ್ಕೂ ದೆಹಲಿಯ ಪೂರ್ವಾನುಮತಿ ಬೇಡಬೇಕು. ನೋಂದಣಿಗೆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿದ ದಾಖಲೆ ತೋರಿಸಬೇಕು. ಅಷ್ಟು ದುಡ್ಡಿದ್ದ ಸಂಘ ರಾಯಭಾರ ಕಚೇರಿಯ ಬಾಗಿಲಿಗೆ ಯಾಕೆ ಹೋಗುತ್ತದೆ? ‘ಗರಿಕೆ ಬೇರಿ’ನ ಹಣ ಕೊನೆಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲ ನಗರದ ಮರಗಳಿಗೇ ಸೇರುತ್ತದೆ.

ಅನುದಾನದಲ್ಲಿ ಐದನೇ ಒಂದು ಪಾಲನ್ನು ಮೂರು ವರ್ಷದ ಸಂಬಳಕ್ಕೆಂದು ಎತ್ತಿಟ್ಟರೆ, ಹನ್ನೆರಡರ ಬದಲು ಎಂಟೇ ಯಂತ್ರ ಕೊಟ್ಟರೆ, ಫಲಕಕ್ಕೇನೂ ಕುಂದಿಲ್ಲ.

ಸೀರೆ ಹೊದಿಸದ ಆ ಹನ್ನೆರಡನೇ ಯಂತ್ರದ ವಿಷಯ ಬಿಟ್ಟೆ. ಅದರಲ್ಲಿ ನೀಲಿ ದಾರ ಪೋಣಿಸಿತ್ತು, ಕೆಳಗೆ ಬಟ್ಟೆಚೂರು. ಅಜ್ಜಿಯ ಸೊಸೆ ರಾತ್ರಿ ಹೊತ್ತು ಶಾಲೆ ಯೂನಿಫಾರಂ ಹೊಲಿದು ಕೊಡುತ್ತಾಳಂತೆ. ಕೊಟ್ಟ ಸೊತ್ತನ್ನು ಅನುಮತಿಯಿಲ್ಲದೆ ಬೇರೆ ಕೆಲಸಕ್ಕೆ ಬಳಸಬಾರದು ಎಂಬ ಕರಾರು ಇಂಥ ಅನುದಾನಗಳಲ್ಲಿ ಇರುತ್ತದೆ. ನಾನು ಅದನ್ನು ಅಜ್ಜಿಗೆ ಹೇಳಲಿಲ್ಲ.