ಬಸಿದ ನೀರಿನ ರುಚಿ

ಒಂದು ಕಟ್ಟು ದಂಟಿನ ಸೊಪ್ಪು, 2 ಹಿಡಿ ಅಲಸಂದೆ ಕಾಳು. ಮಂಡ್ಯ, ಹಾಸನದ ಕಡೆ ಇಷ್ಟರಲ್ಲೇ ಮನೆಮಂದಿಯ ಊಟ ಆಗಿಬಿಡುತ್ತದೆ. ಬೇಯುತ್ತಿರುವ ಕಾಳಿಗೆ ಸೊಪ್ಪು ಹಾಕಿ, ಬೆಂದ ಮೇಲೆ ತಟ್ಟೆ ಅಡ್ಡ ಹಿಡಿದು ನೀರು ಬಸಿಯಬೇಕು. ಬಸ್ಸಾರು ಎಂಬ ಹೆಸರು ಬಂದದ್ದೇ ಹಾಗೆ. ಎಷ್ಟೋ ಅಡುಗೆಮನೆಗಳಲ್ಲಿ ಮೋರಿ ಸೇರುವ ನೀರಿದು. ಸೊಪ್ಪಿನಿಂದ ಇಳಿದ ಸತ್ವವೂ ಅದರಲ್ಲೇ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಚೂರು ಕಾಯಿ, ಜೀರಿಗೆ, ಸಾರಿನಪುಡಿ, ಹುಣಸೆ, ಜತೆಗೆ ಬೆಂದ ಸೊಪ್ಪು-ಕಾಳಿನ ಒಂದು ಹಿಡಿ (ಇದನ್ನು ಮರೆತರೆ ಸಾರು ನೀರುನೀರು) ರುಬ್ಬಿ, ಬಸಿದ ನೀರಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಬಿದ್ದರೆ ಪಲ್ಯ. ಬಿಸಿ ಮುದ್ದೆಗೆ ಇನ್ನೇನು ಬೇಕು? ನನ್ನ ಮಟ್ಟಿಗಂತೂ ಮೊದಲ ದಿನದ್ದು ಬರೀ ಪೀಠಿಕೆ. ಮಾರನೆಯ ದಿನ ಮತ್ತೆ ಕಾದು ಗಟ್ಟಿಯಾಗಿ, ಪಾತ್ರೆಯ ಅಂಚಿಗೆ ಕಚ್ಚಿಕೊಂಡದ್ದೇ ನಿಜವಾದ ಬಸ್ಸಾರು.